ದ್ವೀಪಕ್ಕೆ ಯಾವ ಕರೆಂಟ್ ಸರಿ? ಡೀಸೆಲ್, ಎಲ್‌ಎನ್‌ಜಿ, ಕೇಬಲ್, ಸೋಲಾರ್ ನಡುವೆ ಆರಿಸುವ ಬಗೆ

ಬಂದರು, ಹಡಗು, ಗ್ಯಾಸ್ ಕೆಲಸಕ್ಕೆಂದು ಮುಂಬೈಗೆ ಬಂದು ನೆಲೆಸಿದ ಕನ್ನಡದವರು ಕಡಿಮೆಯೇನಿಲ್ಲ. ನ್ಹಾವಾ ಶೇವಾದಲ್ಲಿ ಕಂಟೇನರ್ ನೋಡಿಕೊಳ್ಳುವವರಿದ್ದಾರೆ. ಬಲ್ಲಾರ್ಡ್ ಎಸ್ಟೇಟಿನ ಶಿಪ್ಪಿಂಗ್ ಆಫೀಸುಗಳಲ್ಲಿದ್ದಾರೆ. ಉರಣ ಕಡೆ ಪ್ಲಾಂಟ್‌ಗಳಲ್ಲಿ ಶಿಫ್ಟ್ ಮಾಡುವವರಿದ್ದಾರೆ. ಮಾಟುಂಗಾದಲ್ಲಿ ಸಿಕ್ಕಾಗ ಈಗೀಗ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಕುಂದಾಪುರದ ಗೆಳೆಯರೊಬ್ಬರು ಕೇಳಿದ ಹಾಗೇ ಹೇಳುತ್ತೇನೆ: "ಮಾರಾಯ್ರೆ, ಲಕ್ಷದ್ವೀಪಕ್ಕೆ ಡೀಸೆಲ್ ಬದಲು ಎಲ್‌ಎನ್‌ಜಿ ಕಂಟೇನರ್ ಕಳ್ಸಿದ್ರೆ ಆಗುದಿಲ್ವಾ? ರೇಟ್ ಕಮ್ಮಿ ಅಲ್ವಾ?"

ರೇಟ್ ಕಮ್ಮಿ ಹೌದು. ಆದರೆ ದ್ವೀಪದ ವಿಷಯದಲ್ಲಿ ರೇಟ್ ಕೊನೆಗೆ ಕೇಳಬೇಕಾದದ್ದು. ಮೊದಲು ಲೋಡ್, ಅಂದರೆ ದ್ವೀಪಕ್ಕೆ ಬೇಕಾಗುವ ಕರೆಂಟ್, ಎಷ್ಟು ಅಂತ ನೋಡಬೇಕು. ಆಮೇಲೆ ದಡ ಎಷ್ಟು ದೂರ. ಆಮೇಲೆ ವರ್ಷದಲ್ಲಿ ಎಷ್ಟು ದಿನ ಕಡಲು ಮುಚ್ಚಿರುತ್ತದೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವುದು ಆಗದು ಅನ್ನುವುದಂತೂ ಗೊತ್ತಾಗಿಬಿಡುತ್ತದೆ.

ಲೋಡ್ ಲೆಕ್ಕ ಹಾಕುವುದು ಹೇಗೆ

ಎಲ್‌ಎನ್‌ಜಿ ಅಂದರೆ ಮೈನಸ್ 162 ಡಿಗ್ರಿಗೆ ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ. ಹಾಗೆ ಮಾಡಿದಾಗ ಅದು ಹಿಡಿಯುವ ಜಾಗ ಸುಮಾರು 600 ಪಟ್ಟು ಕಡಿಮೆಯಾಗುತ್ತದೆ. ಅದಕ್ಕೇ ಪೈಪ್‌ಲೈನ್ ಇಲ್ಲದ ಕಡೆಗೂ ಸಾಗಿಸಬಹುದು. ಒಳ್ಳೆಯ ಗ್ಯಾಸ್ ಎಂಜಿನ್‌ಗೆ ಹಾಕಿದರೆ ಒಂದು ಕಿಲೋ ಎಲ್‌ಎನ್‌ಜಿಯಿಂದ ಸುಮಾರು 6 ಯೂನಿಟ್ ಕರೆಂಟ್ ಸಿಗುತ್ತದೆ. 40 ಅಡಿಯ ಒಂದು ಕಂಟೇನರ್ ಟ್ಯಾಂಕಿನಲ್ಲಿ 17 ಟನ್ ಹಿಡಿಯುತ್ತದೆ ಅಂದುಕೊಳ್ಳಿ. ಅಲ್ಲಿಗೆ ಒಂದು ಕಂಟೇನರ್ ಎಂದರೆ ಒಂದು ಲಕ್ಷ ಯೂನಿಟ್. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಉಳಿದದ್ದನ್ನೆಲ್ಲ ಬಾಯಿಲೆಕ್ಕದಲ್ಲೇ ಹಾಕಬಹುದು.

ಸರಾಸರಿ 1 ಮೆಗಾವ್ಯಾಟ್ ಲೋಡ್ ಇರುವ ದ್ವೀಪಕ್ಕೆ ದಿನಕ್ಕೆ 24,000 ಯೂನಿಟ್ ಬೇಕು. ಒಂದು ಕಂಟೇನರ್ ನಾಲ್ಕು ದಿನ ಬರುತ್ತದೆ. 10 ಮೆಗಾವ್ಯಾಟ್ ಆದರೆ ದಿನಕ್ಕೆ ಎರಡೂವರೆ ಕಂಟೇನರ್, ಅಂದರೆ 40 ಟನ್. 50 ಮೆಗಾವ್ಯಾಟ್ ಆದರೆ ದಿನಕ್ಕೆ 200 ಟನ್, ಹನ್ನೆರಡು ಕಂಟೇನರ್. ದಿನಾ ಹನ್ನೆರಡು ತುಂಬಿದ ಕಂಟೇನರ್ ಇಳಿಸಿ ಹನ್ನೆರಡು ಖಾಲಿ ಕಂಟೇನರ್ ಹತ್ತಿಸುವುದು ಅಂದರೆ ಏನು ಅಂತ ಬಂದರಿನಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡೀಸೆಲ್‌ನದ್ದೂ ನೋಡಿ. ಮಧ್ಯಮ ಗಾತ್ರದ ಜನರೇಟರ್ ಲೀಟರಿಗೆ ಮೂರೂವರೆಯಿಂದ ನಾಲ್ಕು ಯೂನಿಟ್ ಕೊಡುತ್ತದೆ. 1 ಮೆಗಾವ್ಯಾಟ್‌ಗೆ ದಿನಕ್ಕೆ ಆರು ಸಾವಿರ ಲೀಟರ್ ಮೇಲೆ ಬೇಕು. ಅದನ್ನು ಬ್ಯಾರೆಲ್‌ನಲ್ಲಾದರೂ ತರಬಹುದು, ಸಣ್ಣ ಟ್ಯಾಂಕರ್ ಹಡಗಿನಲ್ಲಾದರೂ ತರಬಹುದು. ಮಾಮೂಲಿ ಉಕ್ಕಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕರಗಿಹೋಗುವುದಿಲ್ಲ. ಡೀಸೆಲ್ ಇಷ್ಟು ದುಬಾರಿಯಾದರೂ ದ್ವೀಪಗಳನ್ನು ಬಿಟ್ಟು ಹೋಗದಿರುವುದಕ್ಕೆ ಕಾರಣ ಇದೇ.

ನನ್ನ ಅಂದಾಜು ಹೇಳಿಬಿಡುತ್ತೇನೆ. ಸರಾಸರಿ ಲೋಡ್ 5 ಮೆಗಾವ್ಯಾಟ್‌ಗಿಂತ ಕಡಿಮೆ ಇದ್ದರೆ ಎಲ್‌ಎನ್‌ಜಿ ಮಾತು ಬೇಡ. 5ರಿಂದ 20ರವರೆಗೆ ಕಂಟೇನರ್ ಬಗ್ಗೆ ಯೋಚಿಸಬಹುದು. ಅದರ ಮೇಲೆ ಹೋದರೆ ಸಣ್ಣ ಹಡಗು ಬೇಕು.

ದಡ ಹತ್ತಿರವಿದ್ದರೆ ಕೇಬಲ್

ಮುಂಬೈಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಗೇಟ್‌ವೇಯಿಂದ ಲಾಂಚ್ ಹತ್ತಿದರೆ ಒಂದು ಗಂಟೆಯ ದಾರಿ ಘಾರಾಪುರಿ. ಎಲಿಫೆಂಟಾ ಗುಹೆಗಳ ದ್ವೀಪ. ರಾಜ್‌ಬಂದರ್, ಮೋರಾಬಂದರ್, ಶೇತ್‌ಬಂದರ್ ಅಂತ ಮೂರು ಹಳ್ಳಿಗಳಿವೆ. ಎದುರಿಗೆ ಇಡೀ ಮಹಾನಗರ ಬೆಳಗುತ್ತಿದ್ದರೂ ಈ ಹಳ್ಳಿಗಳಿಗೆ ಸಂಜೆ ಕೆಲವೇ ಗಂಟೆ ಡೀಸೆಲ್ ಜನರೇಟರಿನ ಕರೆಂಟ್ ಇತ್ತು. 2018ರ ಫೆಬ್ರವರಿಯಲ್ಲಿ ಸಮುದ್ರದ ತಳದಲ್ಲಿ ಸುಮಾರು ಏಳೂವರೆ ಕಿಲೋಮೀಟರ್ ಕೇಬಲ್ ಎಳೆದು ಕರೆಂಟ್ ಕೊಟ್ಟರು. ಖರ್ಚು ಸುಮಾರು 25 ಕೋಟಿ ರೂಪಾಯಿ. ಮೂರು ಸಣ್ಣ ಹಳ್ಳಿಗೆ ಇಷ್ಟೊಂದು ದುಡ್ಡಾ ಅಂತ ಆಗ ಕೇಳಿದವರಿದ್ದರು. ನನ್ನ ಪ್ರಕಾರ ಆ ದುಡ್ಡು ಸರಿಯಾಗೇ ಖರ್ಚಾಗಿದೆ. ಫ್ರಿಜ್ ಇಡಬೇಕು, ರಾತ್ರಿ ಮಕ್ಕಳು ಓದಬೇಕು, ಪಂಪ್ ಓಡಬೇಕು ಅಂದರೆ 24 ಗಂಟೆ ಕರೆಂಟ್ ಬೇಕು. ಅಷ್ಟು ಸಣ್ಣ ಲೋಡಿಗೆ ಎಲ್‌ಎನ್‌ಜಿ ಟ್ಯಾಂಕ್, ಗ್ಯಾಸ್ ಎಂಜಿನ್, ಕಾವಲು, ಪರವಾನಗಿ ಅಂತ ಹೊರಟರೆ ಮುಗಿಯುವುದೇ ಇಲ್ಲ.

ಗೋವಾದ ದಿವಾಡಿ, ಚೋಡಣ ದ್ವೀಪಗಳೂ ಹೀಗೇ. ನದಿಯಾಚೆಯಿಂದ ಲೈನ್ ಬಂದಿದೆ, ಅಲ್ಲಿಗೆ ವಿಷಯ ಮುಗಿಯಿತು.

ಆದರೆ ಕೇಬಲ್ ಒಂದನ್ನೇ ನಂಬಿ ಕೂರಬಾರದು. ಮಾಲ್ಟಾ ದ್ವೀಪಕ್ಕೆ ಸಿಸಿಲಿಯಿಂದ 2015ರಲ್ಲಿ 200 ಮೆಗಾವ್ಯಾಟ್ ಸಾಮರ್ಥ್ಯದ ಕೇಬಲ್ ಬಂತು. 2019ರ ಡಿಸೆಂಬರಿನಲ್ಲಿ ಹಡಗೊಂದರ ಲಂಗರು ಸಿಕ್ಕಿ ಆ ಕೇಬಲ್ ಹಾಳಾಯಿತು. ಇಡೀ ದೇಶ ಕತ್ತಲಾಯಿತು. ರಿಪೇರಿಗೆ ತಿಂಗಳುಗಳೇ ಬೇಕಾದವು. ಆ ತಿಂಗಳುಗಳನ್ನು ಮಾಲ್ಟಾ ಕಳೆದದ್ದು ತನ್ನದೇ ವಿದ್ಯುತ್ ಸ್ಥಾವರಗಳಿಂದ. ಅದರಲ್ಲಿ ಮುಖ್ಯವಾದದ್ದು ಡೆಲಿಮಾರಾದ ಎಲ್‌ಎನ್‌ಜಿ ಸ್ಥಾವರ. ಹಾಗಾಗಿ ಕೇಬಲ್ ಇರುವ ದ್ವೀಪದಲ್ಲೂ ಹಳೆಯ ಜನರೇಟರನ್ನು ಗುಜರಿಗೆ ಹಾಕಬೇಡಿ. ಆಗಾಗ ಸ್ಟಾರ್ಟ್ ಮಾಡಿ ನೋಡುತ್ತಿರಿ.

ಕಂಟೇನರೋ, ಸಣ್ಣ ಹಡಗೋ

ಇಲ್ಲಿಗೆ ಬಂದರೆ ನಿಜವಾದ ಎಲ್‌ಎನ್‌ಜಿ ಚರ್ಚೆ ಶುರು. ಎರಡೂ ಕಡೆ ನೋಡಿ ಕಲಿಯಬಹುದಾದ ದ್ವೀಪಗಳಿವೆ.

ಪೋರ್ಚುಗಲ್‌ನ ಮಡೇರಾ ದ್ವೀಪದಲ್ಲಿ ಸುಮಾರು ಎರಡೂವರೆ ಲಕ್ಷ ಜನ. 2014ರಿಂದ ಅಲ್ಲಿಗೆ ಎಲ್‌ಎನ್‌ಜಿ ಬರುವುದು ಕಂಟೇನರ್‌ನಲ್ಲಿ. ಮುಖ್ಯಭೂಮಿಯ ಸೀನೆಸ್ ಟರ್ಮಿನಲ್‌ನಲ್ಲಿ ತುಂಬಿಸಿ, ಮಾಮೂಲಿ ಸರಕು ಹಡಗಿಗೆ ಹತ್ತಿಸಿ ಕಳಿಸುತ್ತಾರೆ. ಇದರ ದೊಡ್ಡ ಲಾಭ ಒಂದೇ: ದ್ವೀಪದಲ್ಲಿ ದೊಡ್ಡ ಟ್ಯಾಂಕ್ ಕಟ್ಟಬೇಕಾಗಿಲ್ಲ, ಬೇರೆ ಹಡಗು ಕೊಳ್ಳಬೇಕಾಗಿಲ್ಲ. ಅಕ್ಕಿ, ಸಿಮೆಂಟ್ ಬರುವ ಹಡಗಿನಲ್ಲೇ ಇಂಧನವೂ ಬರುತ್ತದೆ. ಬೇಡಿಕೆ ಕಡಿಮೆಯಾದರೆ ಕಂಟೇನರ್ ಕಡಿಮೆ ತರಿಸಿದರಾಯಿತು.

ತೊಂದರೆ ಇರುವುದು ಕಂಟೇನರ್‌ಗಳ ಸಂಖ್ಯೆಯಲ್ಲಿ. 10 ಮೆಗಾವ್ಯಾಟ್ ದ್ವೀಪವನ್ನೇ ತೆಗೆದುಕೊಳ್ಳಿ. ಒಂದು ಕಂಟೇನರ್ ಹೋಗಿ ಬರಲು ಹದಿನಾಲ್ಕು ದಿನ, ದ್ವೀಪದಲ್ಲಿ ಹತ್ತು ದಿನದ ದಾಸ್ತಾನು ಅಂತ ಹಿಡಿಯಿರಿ. ಒಟ್ಟು ಹತ್ತಿರ ಹತ್ತಿರ 60 ಕಂಟೇನರ್ ಬೇಕು. ಪ್ರತಿಯೊಂದೂ ಎರಡು ಪದರದ, ನಡುವೆ ಗಾಳಿ ತೆಗೆದ, ಥರ್ಮಾಸ್ ಫ್ಲಾಸ್ಕಿನಂಥ ಟ್ಯಾಂಕ್. ತುಂಬಿದ ಮೇಲೆ ತೂಕ 30 ಟನ್ ಹತ್ತಿರ. ನಿಮ್ಮ ದಕ್ಕೆಯ ಕ್ರೇನ್ 30 ಟನ್ ಎತ್ತುತ್ತದಾ? ಇದನ್ನು ಕೇಳದೆ ಹಾಕಿದ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಟ್ಯಾಂಕ್ ಎಷ್ಟೇ ಒಳ್ಳೆಯದಿರಲಿ, ಹೊರಗಿನ ಶಾಖ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ, ಒತ್ತಡ ಏರುತ್ತದೆ. ಕೆಲವು ವಾರ ತಡೆದುಕೊಳ್ಳುತ್ತದೆ, ಆಮೇಲೆ ವಾಲ್ವ್ ತೆರೆದು ಗ್ಯಾಸ್ ಹೊರಗೆ ಬಿಡಲೇಬೇಕು. ಬಳಸುವಾಗಲೂ ಮೊದಲು ಆವಿಯಾಗುವುದು ಮೀಥೇನ್. ಈಥೇನ್, ಪ್ರೊಪೇನ್‌ನಂಥ ಭಾರದವು ತಳದಲ್ಲಿ ಉಳಿಯುತ್ತವೆ. ಬಹಳ ದಿನ ಇಟ್ಟ ಟ್ಯಾಂಕಿನ ಗ್ಯಾಸ್‌ಗೆ ಎಂಜಿನ್ ನಾಕ್ ಹೊಡೆಯುವುದು ಇದರಿಂದಲೇ. ಮೊದಲು ಬಂದದ್ದನ್ನು ಮೊದಲು ಬಳಸುವ ಶಿಸ್ತು ಇಲ್ಲಿ ಬಹಳ ಮುಖ್ಯ.

ಸಣ್ಣ ಹಡಗಿನ ಲೆಕ್ಕ ಬೇರೆ. ದೊಡ್ಡ ಎಲ್‌ಎನ್‌ಜಿ ಹಡಗು 1,74,000 ಘನ ಮೀಟರ್ ಹೊರುತ್ತದೆ. ದ್ವೀಪಕ್ಕೆ ಅಷ್ಟು ಯಾಕೆ? 7,500 ಘನ ಮೀಟರಿನ ಸಣ್ಣ ಹಡಗು ಒಂದು ಸಲಕ್ಕೆ 3,300 ಟನ್ ತರುತ್ತದೆ. 50 ಮೆಗಾವ್ಯಾಟ್ ದ್ವೀಪಕ್ಕೆ ಅದು ಹದಿನಾರು ದಿನ ಸಾಕು. ಆದರೆ ಅದಕ್ಕೆ ಆರೇಳು ಮೀಟರ್ ಆಳದ ಜೆಟ್ಟಿ ಬೇಕು, ದಡದಲ್ಲೋ ನೀರಿನ ಮೇಲೋ ಟ್ಯಾಂಕ್ ಬೇಕು. ಬಾಲಿಯಲ್ಲಿ 2016ರಿಂದ ಬೆನೋವಾ ಬಂದರಿನಲ್ಲಿ ತೇಲುವ ಟರ್ಮಿನಲ್ ಇಟ್ಟು, ಪೆಸಂಗ್ಗರಾನ್‌ನ 200 ಮೆಗಾವ್ಯಾಟ್ ಸ್ಥಾವರಕ್ಕೆ ಗ್ಯಾಸ್ ಕೊಟ್ಟರು. ಮಾಲ್ಟಾದಲ್ಲಿ ಹಡಗನ್ನೇ ಟ್ಯಾಂಕಾಗಿ ಕಟ್ಟಿಹಾಕಿದರು. 2017ರಲ್ಲಿ ಗ್ಯಾಸ್ ಬಂದ ಮೇಲೆ ಅಲ್ಲಿ ಕರೆಂಟಿಗೆ ಫರ್ನೇಸ್ ಆಯಿಲ್ ಸುಡುವುದು ನಿಂತಿತು. ಹೊಗೆ, ಗಂಧಕ ತಪ್ಪಿದ್ದು ಅಲ್ಲಿನ ಜನರಿಗೆ ದೊಡ್ಡ ಲಾಭ.

ನಮ್ಮ ದೇಶದಲ್ಲಿ ಈ ಅಳತೆಗೆ ಹೊಂದುವುದು ಅಂಡಮಾನ್. ಹೋಪ್ ಟೌನ್‌ನಲ್ಲಿ ಎನ್‌ಟಿಪಿಸಿಯ 50 ಮೆಗಾವ್ಯಾಟ್ ಎಲ್‌ಎನ್‌ಜಿ ಸ್ಥಾವರದ ಯೋಜನೆ ಬಂದದ್ದು ಸುಮ್ನೆ ಅಲ್ಲ. ಚೆನ್ನೈನಿಂದ ಸುಮಾರು 1,200 ಕಿಲೋಮೀಟರ್, ನಡುವೆ ಆಳ ಕಡಲು. ಅಷ್ಟು ದೂರ ಕೇಬಲ್ ಎಳೆಯುವ ಮಾತೇ ಇಲ್ಲ. ಚೆನ್ನೈ ಪಕ್ಕದ ಎನ್ನೋರಿನಲ್ಲಿ 2019ರಿಂದ ಎಲ್‌ಎನ್‌ಜಿ ಟರ್ಮಿನಲ್ ಇದೆ. ಗಂಟೆಗೆ 22 ಕಿಲೋಮೀಟರ್ ವೇಗದ ಸಣ್ಣ ಹಡಗಿಗೆ ಇದು ಎರಡೂವರೆ ದಿನದ ದಾರಿ. ಲೋಡ್ ಇದೆ, ದೂರ ಇದೆ, ತುಂಬಿಸಿಕೊಳ್ಳಲು ಟರ್ಮಿನಲ್ ಇದೆ. ಎಲ್‌ಎನ್‌ಜಿಗೆ ಇಂಥ ಜಾಗ ಬೇಕು.

ಲಕ್ಷದ್ವೀಪದ ಕಥೆ ಇದಕ್ಕೆ ಉಲ್ಟಾ. ಜನ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿ ಪ್ರಕಾರ ಎಲ್ಲ ಸೇರಿ 64 ಸಾವಿರ ಚಿಲ್ಲರೆ. ಅಂದರೆ ಒಂದು ಲೋಡ್ ಅಲ್ಲ, ಹತ್ತು ಪುಟ್ಟ ಲೋಡ್. ಹತ್ತು ಟ್ಯಾಂಕ್, ಹತ್ತು ಕಡೆ ತರಬೇತಿ ಪಡೆದವರು. ಹವಳದ ದಿಬ್ಬದೊಳಗಿನ ನೀರು ಆಳವಿಲ್ಲ, ಹಲವು ಕಡೆ ಹಡಗು ಹೊರಗೇ ನಿಂತು ಸಾಮಾನು ದೋಣಿಗೆ ಇಳಿಸಬೇಕು. 30 ಟನ್ ಕಂಟೇನರನ್ನು ಅಲೆಯ ಮೇಲೆ ದೋಣಿಗೆ ಇಳಿಸುವ ಕೆಲಸವನ್ನು ಯಾರಿಗೂ ಹೇಳಬಾರದು. ಕುಂದಾಪುರದ ಗೆಳೆಯರಿಗೆ ನಾನು ಕೊಟ್ಟ ಉತ್ತರ ಇದೇ: ಅಲ್ಲಿಗೆ ಬೇಡ.

ಮಳೆಗಾಲವನ್ನು ಮರೆಯಬೇಡಿ

ಪಶ್ಚಿಮ ಕರಾವಳಿಯ ಯಾವ ಯೋಜನೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲನ್ನು ಬಿಟ್ಟು ಲೆಕ್ಕ ಹಾಕುವ ಹಾಗಿಲ್ಲ. ಮಂಗಳೂರು ದಕ್ಕೆಯಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಹಡಗುಗಳು ಮಳೆಗಾಲದಲ್ಲಿ ದಡ ಸೇರುತ್ತವೆ. ಇದು ತಲೆಮಾರುಗಳ ಪಾಠ. ದೊಡ್ಡವರಿಗೂ ಕಡಲು ಇದನ್ನೇ ಕಲಿಸಿತು. ರತ್ನಾಗಿರಿ ಜಿಲ್ಲೆಯ ದಾಭೋಳದಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಎಲ್‌ಎನ್‌ಜಿ ಟರ್ಮಿನಲ್ 2013ರಲ್ಲಿ ಶುರುವಾಯಿತು. ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ಹೊರಡುವುದು ಅಲ್ಲಿಂದಲೇ. ಆದರೆ ಅಲೆ ತಡೆಯುವ ಗೋಡೆ ಪೂರ್ತಿಯಾಗದೆ, ವರ್ಷಗಟ್ಟಲೆ ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರಲಿಲ್ಲ. ಪೈಪ್‌ಲೈನ್‌ಗೆ ಬೇರೆ ಕಡೆಯಿಂದಲೂ ಗ್ಯಾಸ್ ಬರುತ್ತದೆ, ಹಾಗಾಗಿ ನಡೆಯಿತು. ದ್ವೀಪಕ್ಕೆ ಆ ಅನುಕೂಲ ಎಲ್ಲಿದೆ?

ಆದ್ದರಿಂದ ದಾಸ್ತಾನಿನ ದಿನಗಳನ್ನು ಮೊದಲು ಗಟ್ಟಿ ಮಾಡಿ. 10 ಮೆಗಾವ್ಯಾಟ್‌ಗೆ ಹತ್ತು ದಿನ ಅಂದರೆ 400 ಟನ್, ಸುಮಾರು 900 ಘನ ಮೀಟರ್. ಮೂವತ್ತು ದಿನ ಅಂದರೆ ಅದರ ಮೂರರಷ್ಟು ಟ್ಯಾಂಕ್, ಹತ್ತಿರ ಹತ್ತಿರ ಮೂರರಷ್ಟು ಖರ್ಚು. ಡೀಸೆಲ್ ಟ್ಯಾಂಕ್ ದೊಡ್ಡದು ಮಾಡುವುದು ಸುಲಭ, ಎಲ್‌ಎನ್‌ಜಿ ಟ್ಯಾಂಕ್ ದೊಡ್ಡದು ಮಾಡುವುದು ಬಲು ದುಬಾರಿ. ಅದಕ್ಕೇ ನಾನು ಗ್ಯಾಸ್ ಮಾತ್ರ ಸುಡುವ ಎಂಜಿನ್ ಬದಲು ಎರಡೂ ಇಂಧನ ಸುಡುವ ಎಂಜಿನ್ ಪರ. ಗ್ಯಾಸ್ ಇದ್ದಾಗ ಗ್ಯಾಸ್. ಹಡಗು ತಡವಾದರೆ ಡೀಸೆಲ್. ಇನ್ನೊಂದು ಅನುಕೂಲವೂ ಇದೆ. ಪುಟ್ಟ ಗ್ರಿಡ್‌ನಲ್ಲಿ ಐಸ್ ಪ್ಲಾಂಟಿನ ಮೋಟರ್ ಒಮ್ಮೆಲೇ ಸ್ಟಾರ್ಟ್ ಆದರೆ ಗ್ಯಾಸ್ ಎಂಜಿನ್ ಸ್ವಲ್ಪ ತಡಬಡಿಸುತ್ತದೆ, ಡೀಸೆಲ್ ಬೇಗ ಸಾವರಿಸಿಕೊಳ್ಳುತ್ತದೆ.

ಹತ್ತಿರದಿಂದ ನೋಡಿದರೆ

ಎಲ್‌ಎನ್‌ಜಿಯನ್ನು ಮತ್ತೆ ಗ್ಯಾಸ್ ಮಾಡುವ ಜಾಗವನ್ನು ಒಮ್ಮೆ ನೋಡಿಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಸಣ್ಣ ಪ್ಲಾಂಟ್‌ಗಳಲ್ಲಿ ಅಲ್ಯೂಮಿನಿಯಮ್ ರೆಕ್ಕೆಗಳಿರುವ ಎತ್ತರದ ಪೈಪುಗಳ ಸಾಲು ಇರುತ್ತದೆ. ಅದರೊಳಗೆ ದ್ರವ ಹರಿಯುತ್ತದೆ, ಹೊರಗಿನ ಗಾಳಿಯ ಶಾಖಕ್ಕೇ ಗ್ಯಾಸ್ ಆಗುತ್ತದೆ. ಬೆಂಕಿಯೂ ಬೇಡ, ಕರೆಂಟೂ ಬೇಡ. ಆದರೆ ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಆ ರೆಕ್ಕೆಗಳ ಮೇಲೆ ಮಂಜು ಕಟ್ಟುತ್ತದೆ. ಮೊದಲು ಬಿಳಿ ಪುಡಿ, ಆಮೇಲೆ ಗಟ್ಟಿ ಐಸ್. ಕೆಲವು ಗಂಟೆಯಲ್ಲಿ ರೆಕ್ಕೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ, ಶಾಖ ಒಳಗೆ ಹೋಗುವುದಿಲ್ಲ. ಅದಕ್ಕೆ ಎರಡು ಸಾಲು ಇಟ್ಟು ಒಂದನ್ನು ಓಡಿಸಿ ಇನ್ನೊಂದನ್ನು ಕರಗಲು ಬಿಡುತ್ತಾರೆ. ಒಣ ಹವೆಯ ದೇಶದ ಲೆಕ್ಕ ನೋಡಿ ಒಂದೇ ಸಾಲು ಸಾಕು ಅಂತ ಹೇಳುವವರ ಕೊಟೇಶನ್ ಬಂದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ.

ಇನ್ನೊಂದು ವಿಷಯ. ಮಾಮೂಲಿ ಉಕ್ಕು ಆ ಚಳಿಯಲ್ಲಿ ಗಾಜಿನಂತೆ ಒಡೆಯುತ್ತದೆ. ಸ್ಟೇನ್‌ಲೆಸ್ ಅಥವಾ ನಿಕ್ಕಲ್ ಸೇರಿದ ಉಕ್ಕೇ ಬೇಕು. ಊರಿನ ವೆಲ್ಡರ್ ಕರೆಸಿ ಪೈಪ್ ಜೋಡಿಸುವ ಹಾಗಿಲ್ಲ. ಜೊತೆಗೆ ಎಲ್‌ಎನ್‌ಜಿಗೆ ವಾಸನೆ ಇಲ್ಲ. ಮನೆಯ ಸಿಲಿಂಡರಿನ ಹಾಗೆ ಮೂಗಿಗೆ ಗೊತ್ತಾಗುವುದಿಲ್ಲ, ಗ್ಯಾಸ್ ಡಿಟೆಕ್ಟರ್ ಇರಲೇಬೇಕು. ಸೋರಿದಾಗ ಮೊದಲು ತಣ್ಣಗಿರುವುದರಿಂದ ನೆಲದ ಮೇಲೆ ಹರಡುತ್ತದೆ, ಬೆಚ್ಚಗಾದ ಮೇಲೆ ಮೇಲಕ್ಕೆ ಹೋಗುತ್ತದೆ. ಡೀಸೆಲ್ ಸುರಕ್ಷಿತ ಅಂತಲೂ ಮೈಮರೆಯಬೇಡಿ. 2017ರ ಅಕ್ಟೋಬರಿನಲ್ಲಿ ಮುಂಬೈ ಬಂದರಿನ ಜವಾಹರ ದ್ವೀಪದಲ್ಲಿ ಸಿಡಿಲು ಬಡಿದು ಡೀಸೆಲ್ ಟ್ಯಾಂಕ್ ಹೊತ್ತಿ ಉರಿದಾಗ ಹೊಗೆ ನಗರಕ್ಕೆಲ್ಲ ಕಂಡಿತ್ತು.

ಎಲ್‌ಪಿಜಿ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಆಗುತ್ತದೆ. ಅಮೆರಿಕದ ವರ್ಜಿನ್ ದ್ವೀಪಗಳು ಡೀಸೆಲ್‌ನಿಂದ ಎಲ್‌ಪಿಜಿಗೆ ಹೋದವು. ಅಷ್ಟೊಂದು ಚಳಿ ಬೇಕಾಗಿಲ್ಲ, ತಿಂಗಳುಗಟ್ಟಲೆ ಇಡಬಹುದು, ಸಣ್ಣ ಹಡಗು ಸುಲಭವಾಗಿ ಸಿಗುತ್ತದೆ. ಆದರೆ ಸೋರಿದರೆ ಗಾಳಿಗಿಂತ ಭಾರವಾಗಿ ತಗ್ಗಿನಲ್ಲೇ ಕೂರುತ್ತದೆ. 5ರಿಂದ 20 ಮೆಗಾವ್ಯಾಟ್ ನಡುವಿನ ದ್ವೀಪಗಳು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಸೋಲಾರ್ ಎಲ್ಲಿ ನಿಲ್ಲುತ್ತದೆ

ಯಾವ ಇಂಧನ ಆರಿಸಿದರೂ ಜೊತೆಗೆ ಸೋಲಾರ್ ಇರಲಿ. ಲಕ್ಷದ್ವೀಪದ ಕವರತ್ತಿಯಲ್ಲಿ 2024ರ ಜನವರಿಯಲ್ಲಿ 1.7 ಮೆಗಾವ್ಯಾಟ್ ಸೋಲಾರ್ ಮತ್ತು 1.4 ಮೆಗಾವ್ಯಾಟ್ ಅವರ್ ಬ್ಯಾಟರಿ ಉದ್ಘಾಟನೆಯಾಯಿತು. ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಹಿಡಿದರೆ ಸುಮಾರು 6,800 ಯೂನಿಟ್. ದಿನಕ್ಕೆ 1,800 ಲೀಟರ್ ಡೀಸೆಲ್ ಉಳಿತಾಯ. ಅಷ್ಟು ಡೀಸೆಲ್ ಕಡಲಿನ ಮೇಲೆ ಬರುವುದು ತಪ್ಪಿದರೆ ಹವಳದ ದಿಬ್ಬಕ್ಕೂ ಒಳ್ಳೆಯದು. ಹಾಗಂತ ಬ್ಯಾಟರಿಯ ಮಿತಿ ಮರೆಯಬಾರದು. 1 ಮೆಗಾವ್ಯಾಟ್ ಲೋಡಿಗೆ ಅದು ಒಂದೂವರೆ ಗಂಟೆಯೂ ಬರುವುದಿಲ್ಲ. ಇಡೀ ರಾತ್ರಿಗೆ ಅದರ ಎಂಟೊಂಬತ್ತು ಪಟ್ಟು ಬೇಕು, ಮೋಡ ಕವಿದ ಜುಲೈ ವಾರಕ್ಕೆ ಇನ್ನೂ ಜಾಸ್ತಿ. ಸಣ್ಣ ದ್ವೀಪಕ್ಕೆ ನನ್ನ ಆಯ್ಕೆ ಸೋಲಾರ್, ದೊಡ್ಡ ಬ್ಯಾಟರಿ, ಮಳೆಗಾಲಕ್ಕೆ ಡೀಸೆಲ್. ಬ್ಯಾಟರಿ ಬೆಲೆ ಇಳಿದ ಹಾಗೆ ಡೀಸೆಲ್ ಪಾಲು ಕಡಿಮೆ ಮಾಡುತ್ತಾ ಹೋಗಬಹುದು. ಇಪ್ಪತ್ತು ವರ್ಷದ ಗ್ಯಾಸ್ ಒಪ್ಪಂದಕ್ಕೆ ಸಹಿ ಹಾಕಿದರೆ ಆ ದಾರಿ ಮುಚ್ಚುತ್ತದೆ.

ಪರಿಸರದ ಮಾತೂ ನೇರವಾಗಿ ಹೇಳಬೇಕು. ಅಷ್ಟೇ ಶಾಖಕ್ಕೆ ಡೀಸೆಲ್‌ಗಿಂತ ಗ್ಯಾಸ್ ಸುಮಾರು ಕಾಲು ಭಾಗ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮಸಿ, ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸುಡದೆ ತಪ್ಪಿಸಿಕೊಳ್ಳುವ ಮೀಥೇನ್ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಕಾವು ಹೆಚ್ಚಿಸುತ್ತದೆ. ಎಂಜಿನ್‌ನಿಂದ, ವಾಲ್ವ್‌ನಿಂದ ಸ್ವಲ್ಪ ಸೋರಿದರೂ ಆ ಕಾಲು ಭಾಗದ ಲಾಭ ಕೈತಪ್ಪುತ್ತದೆ. ಎಂಜಿನ್ ಕಂಪನಿಯಿಂದ ಅರ್ಧ ಲೋಡಿನಲ್ಲಿ ಎಷ್ಟು ಮೀಥೇನ್ ಹೋಗುತ್ತದೆ ಅಂತ ಬರಹದಲ್ಲಿ ಕೇಳಿ. ಪೂರ್ತಿ ಲೋಡಿನ ಅಂಕಿ ಮಾತ್ರ ಕೊಟ್ಟರೆ ಒಪ್ಪಬೇಡಿ.

ಈಗ ರೇಟ್

ಗ್ಯಾಸ್ ಮಾರುವುದು ಎಂಎಂಬಿಟಿಯು ಎಂಬ ಶಾಖದ ಅಳತೆಯ ಲೆಕ್ಕದಲ್ಲಿ. ಒಂದು ಎಂಎಂಬಿಟಿಯುಗೆ ಸುಮಾರು 125 ಯೂನಿಟ್ ಕರೆಂಟ್. 10 ಡಾಲರ್ ಬೆಲೆ, ಡಾಲರಿಗೆ 85 ರೂಪಾಯಿ ಹಿಡಿದರೆ ಯೂನಿಟ್‌ಗೆ ಇಂಧನದ ಖರ್ಚು 7 ರೂಪಾಯಿ ಹತ್ತಿರ. ಡೀಸೆಲ್ ಲೀಟರಿಗೆ 90 ರೂಪಾಯಿ ಆದರೆ ಯೂನಿಟ್‌ಗೆ 24 ರೂಪಾಯಿ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಆ 7 ರೂಪಾಯಿ ದೊಡ್ಡ ಟರ್ಮಿನಲ್‌ನ ಬಾಗಿಲಿನ ಬೆಲೆ. ತುಂಬಿಸುವುದು, ಸಾಗಿಸುವುದು, ಇಡುವುದು, ಮತ್ತೆ ಗ್ಯಾಸ್ ಮಾಡುವುದು, ಖಾಲಿ ಟ್ಯಾಂಕ್ ವಾಪಸ್ ಕಳಿಸುವುದು ಸೇರಿದರೆ ಸಣ್ಣ ದ್ವೀಪದಲ್ಲಿ ಇನ್ನೊಂದು ಅಷ್ಟೇ ಆಗಬಹುದು. ಲೋಡ್ ಕಡಿಮೆಯಾದಷ್ಟೂ ಆ ಪಾಲು ಏರುತ್ತದೆ.

ಬೆಲೆಯ ಏರಿಳಿತವೂ ಜೋರು. ಏಷ್ಯಾದ ಸ್ಪಾಟ್ ಬೆಲೆ, ಅಂದರೆ ದೀರ್ಘ ಒಪ್ಪಂದವಿಲ್ಲದೆ ಆಗಿನ ಮಾರುಕಟ್ಟೆಯಲ್ಲಿ ಕೊಳ್ಳುವ ಬೆಲೆ, 2020ರಲ್ಲಿ ಸುಮಾರು 2 ಡಾಲರ್‌ವರೆಗೆ ಇಳಿದಿತ್ತು, 2022ರಲ್ಲಿ 50 ಡಾಲರ್ ದಾಟಿತ್ತು. 50 ಡಾಲರ್ ಅಂದರೆ ಯೂನಿಟ್‌ಗೆ 34 ರೂಪಾಯಿ, ಡೀಸೆಲ್‌ಗಿಂತ ಜಾಸ್ತಿ. ಆ ವರ್ಷ ಹಡಗುಗಳು ಯುರೋಪಿನ ಕಡೆ ತಿರುಗಿ ಪಾಕಿಸ್ತಾನ, ಬಾಂಗ್ಲಾದೇಶಗಳು ಗ್ಯಾಸ್ ಸಿಗದೆ ಲೋಡ್ ಶೆಡ್ಡಿಂಗ್ ಅನುಭವಿಸಿದವು. ಸ್ಪಾಟ್ ಗ್ಯಾಸ್ ನಂಬಿ ದ್ವೀಪದ ಆಸ್ಪತ್ರೆ ನಡೆಸಲಾಗದು. ದೀರ್ಘ ಒಪ್ಪಂದ ಮಾಡಿದರೆ ಬಳಸಿದರೂ ಬಳಸದಿದ್ದರೂ ಹಣ ಕಟ್ಟುವ ಷರತ್ತು ಬರುತ್ತದೆ. ಆ ಕನಿಷ್ಠ ಪ್ರಮಾಣವನ್ನು ಈಗಿನ ಲೋಡ್ ನೋಡಿ ಒಪ್ಪಬೇಡಿ. ಐದು ವರ್ಷದ ನಂತರ ಸೋಲಾರ್ ಎಷ್ಟು ಲೋಡ್ ಹೊತ್ತಿರುತ್ತದೋ ಅದನ್ನು ಕಳೆದು, ಉಳಿದದ್ದಕ್ಕೆ ಒಪ್ಪಿ.

ಟೆಂಡರ್ ಕರೆಯುವ ಮುಂಚೆ ಎರಡು ಅರ್ಜಿ ಬೇಗ ಹಾಕಿ, ಏಕೆಂದರೆ ತಡವಾಗುವುದು ಅಲ್ಲೇ. ಟ್ಯಾಂಕಿಗೆ ಪೆಸೋ, ಅಂದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಬೇಕು. ದಡದ ಜಾಗಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಪ್ಪಿಗೆ ಬೇಕು. ಜೊತೆಯಲ್ಲೇ ಬಂದರು ಅಧಿಕಾರಿಗಳಿಂದ ಕಳೆದ ಹತ್ತು ವರ್ಷದ ದಾಖಲೆ ಕೇಳಿ ತೆಗೆದುಕೊಳ್ಳಿ: ಯಾವ ತಿಂಗಳಲ್ಲಿ ಎಷ್ಟು ದಿನ ಹಡಗು ಜೆಟ್ಟಿಗೆ ಬರಲಾಗಲಿಲ್ಲ. ಟ್ಯಾಂಕಿನ ಗಾತ್ರ ಬರೆಯಬೇಕಾದದ್ದು ಆ ದಾಖಲೆ ಕೈಗೆ ಬಂದ ಮೇಲೆ.